ಚಿಕ್ಕಬಳ್ಳಾಪುರ ಜಿಲ್ಲೆ: ಮಾಲಿನ್ಯ ಮತ್ತು ಕೈಗಾರಿಕಾ ಅಪಾಯಗಳು

2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಾಗಾಗಿ ಇಲ್ಲಿ ಮಾಲಿನ್ಯದ ಮಾತು ಕೆರೆ, ಕೊಳವೆಬಾವಿಗಳಿಂದಲೇ ಶುರುವಾಗುತ್ತದೆ. ಗೌರಿಬಿದನೂರು, ಚಿಂತಾಮಣಿ ಕಡೆಯ ಅಂತರ್ಜಲದ ಫ್ಲೋರೈಡ್ ಕಾರ್ಖಾನೆಯ ಕೊಡುಗೆಯಲ್ಲ. ಗ್ರಾನೈಟ್ ಶಿಲೆಯಿಂದ ಕರಗಿ ಬಂದದ್ದು. ಅದು ಹೆಚ್ಚಿರುವ ನೀರನ್ನು ಬಹುಕಾಲ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆ, ಕೀಲು ಬಿಗಿಯುತ್ತವೆ.

ಶಿಡ್ಲಘಟ್ಟದ ಕಥೆ ರೇಷ್ಮೆಯದು. ನೂಲು ಬಿಚ್ಚುವ ಮನೆಗಳಲ್ಲಿ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕುತ್ತಾರೆ. ದಿನವಿಡೀ ನೆನೆದ ಕೈಯ ಚರ್ಮ ಸುಲಿದು ಹುಣ್ಣಾಗುತ್ತದೆ. ಹಬೆ, ಸೌದೆ ಹೊಗೆ ಮತ್ತು ರೇಷ್ಮೆಯ ಅಂಟಾದ ಸೆರಿಸಿನ್ ಕೆಲವರಲ್ಲಿ ಉಬ್ಬಸ ತರಿಸುತ್ತವೆ. ಸತ್ತ ಹುಳು ಬೆರೆತ ನೀರು ಚರಂಡಿಗೆ ಹರಿದಲ್ಲಿ ದುರ್ನಾತ. ರೇಷ್ಮೆ ಸೀರೆಯ ಹೊಗಳಿಕೆಯಲ್ಲಿ ಈ ಕೈಗಳ ಪ್ರಸ್ತಾಪ ಬರುವುದು ಅಪರೂಪ.

ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತ ಶುದ್ಧೀಕರಿಸಿ ಇಲ್ಲಿನ ಕೆರೆಗಳಿಗೆ ತುಂಬಿಸುವ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ ಅಂತರ್ಜಲ ಮರುಪೂರಣಕ್ಕಾಗಿ ಬಂದದ್ದು. ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂಬುದು ಶಾಶ್ವತ ನೀರಾವರಿ ಹೋರಾಟ ಸಮಿತಿಯ ಒತ್ತಾಯ. ಎರಡನೇ ಹಂತದಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲವಾದ್ದರಿಂದ ಈ ಬೇಡಿಕೆಯನ್ನು ತಳ್ಳಿಹಾಕುವಂತಿಲ್ಲ.

ಕಲ್ಲು ಕ್ವಾರಿಗಳ ದೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್‌ಗೆ ದಾರಿ. ಸ್ಫೋಟಕಗಳದು ಇನ್ನೊಂದು ಅಪಾಯ. 2021ರ ಫೆಬ್ರವರಿ 23ರ ನಸುಕಿನಲ್ಲಿ ಹಿರೇನಾಗವಲ್ಲಿ ಬಳಿ, ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೋದಾಗ ಅವು ಸಿಡಿದು 6 ಮಂದಿ ಸತ್ತರು. ಶಿವಮೊಗ್ಗ ಬಳಿಯ ಹುಣಸೋಡಿನಲ್ಲೂ ಇಂಥದೇ ಜಿಲೆಟಿನ್ ಸ್ಫೋಟವಾಗಿ ಆಗಿನ್ನೂ ತಿಂಗಳು ಕಳೆದಿತ್ತಷ್ಟೆ.