ಆರನೆಯ ತಟ್ಟೆ

ಮೈಸೂರಿನ ದೇವರಾಜ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮಪ್ಪನಿಗೆ ಗ್ರಾಮಫೋನ್ ರಿಪೇರಿ ಅಂಗಡಿ ಇತ್ತು. ಒಂದು ಬಾಗಿಲು, ಒಂದು ಮೇಜು, ಗೋಡೆಗೆ ಹೊಡೆದ ಮೂರು ಹಲಗೆ. ಸ್ಪ್ರಿಂಗು ತುಂಡಾದ ಪೆಟ್ಟಿಗೆಗಳು, ಸವೆದ ಮುಳ್ಳುಗಳ ತಗಡಿನ ಡಬ್ಬಿ, ಗ್ರೀಸಿನ ವಾಸನೆ. 1960ರ ದಶಕದ ಕೊನೆ ಅದು. ಎಲ್‌ಪಿ ಬಂದು, ಹಳೇ ತಟ್ಟೆಗಳನ್ನು ಜನ ತೂಕಕ್ಕೆ ಹಾಕುತ್ತಿದ್ದರು. ಯಾರದೋ ಬಂಗಲೆ ಖಾಲಿ ಮಾಡುವಾಗ ಅಪ್ಪನ ಕೈಗೆ ಒಂದು ದಪ್ಪ ಆಲ್ಬಮ್ ಬಂತು. ನಾಯಿ ಮಾರ್ಕು, ಕೆಂಪು ಲೇಬಲ್ಲು, ಹನ್ನೆರಡು ಅಂಗುಲದ ತಟ್ಟೆಗಳು. ಆರಿರಬೇಕಾದ ಕಡೆ ಐದಿದ್ದವು. ಆರನೆಯ ಚೀಲದೊಳಗೆ ಬರೀ ಚೂರು.

ನನಗಾಗ ಎಂಟು ವರ್ಷ. ಪಿಟೀಲಿನಲ್ಲಿ ಸರಳೆ ಮುಗಿಸಿ ಜಂಟಿ ವರಸೆಗೆ ಬಂದಿದ್ದೆ. ಅಪ್ಪ ಪೆಟ್ಟಿಗೆಗೆ ಕೀಲಿ ಕೊಟ್ಟು ಹೊಸ ಮುಳ್ಳು ಹಾಕಿದರು. "ಬಾ ಪುಟ್ಟಿ, ಕೂತ್ಕೋ. ಇವನೂ ನಿನ್ನ ಹಾಗೇ ಪಿಟೀಲು ಕಲೀತಿದ್ದ ಹುಡುಗ. ಆಗ ಹದಿನಾರೇ ವರ್ಷ ಇವನಿಗೆ" ಅಂದರು.

ಹುಡುಗ ನುಡಿಸಲೇ ಇಲ್ಲ. ಮೂರು ನಿಮಿಷದವರೆಗೆ ದೊಡ್ಡ ವಾದ್ಯವೃಂದವೇ ಮೊಳಗಿತು. ಅದೆಲ್ಲ ಇಳಿದು ಸಣ್ಣಗಾದ ಮೇಲೆ, ವೃಂದ ಅರ್ಧಕ್ಕೆ ಬಿಟ್ಟ ಮಾತನ್ನು ಎತ್ತಿಕೊಂಡ ಹಾಗೆ, ಒಂದೇ ಒಂದು ಪಿಟೀಲು ಮಂದ್ರದಲ್ಲಿ ಒಳಗೆ ಬಂತು. ನಮ್ಮ ಕಚೇರಿಗಳಲ್ಲಿ ವಿದ್ವಾಂಸರು ಕೂತ ತಕ್ಷಣ ಶುರು ಮಾಡುವುದನ್ನು ಕಂಡಿದ್ದ ನನಗೆ ಆ ಕಾಯುವಿಕೆ ಹೊಸದು. ಐವತ್ತು ವರ್ಷದ ಮೇಲಾಯಿತು. ನಾನೂ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತ ಬಂದಿದ್ದೇನೆ. ಅಂಥ ಪ್ರವೇಶವನ್ನು ಇನ್ನೊಂದು ಕಡೆ ಕೇಳಿಲ್ಲ.

ಹುಡುಗನ ಹೆಸರು ಯೆಹೂದಿ ಮೆನುಹಿನ್. ಕೃತಿ ಇಂಗ್ಲೆಂಡಿನ ಸಂಗೀತ ರಚನೆಕಾರ ಎಡ್ವರ್ಡ್ ಎಲ್ಗರ್ ಬರೆದ ಬಿ ಮೈನರ್ ಪಿಟೀಲು ಕನ್ಚರ್ಟೊ, ಅಂದರೆ ಒಂಟಿ ಪಿಟೀಲು ಮತ್ತು ವೃಂದ ಜೊತೆಗೂಡಿ ನುಡಿಸುವ ಕೃತಿ. ನುಡಿಸಿದ್ದು ಲಂಡನ್ ಸಿಂಫನಿ ಆರ್ಕೆಸ್ಟ್ರಾ, ನಡೆಸಿದವರು ಸ್ವತಃ ಎಲ್ಗರ್. 1932ರ ಜುಲೈ 14 ಮತ್ತು 15, ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋ.

ಈ ಕೃತಿ ಮೊದಲು ಕೇಳಿಬಂದದ್ದು 1910ರ ನವೆಂಬರ್ 10ರಂದು, ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ. ನುಡಿಸಿದವರು ಫ್ರಿಟ್ಜ್ ಕ್ರೈಸ್ಲರ್; ಕೃತಿ ಅರ್ಪಿತವಾಗಿರುವುದೂ ಅವರಿಗೇ. ಎಲ್ಗರ್ ತಾವೂ ಪಿಟೀಲು ನುಡಿಸಿ ಜೀವನ ಮಾಡಿದವರಾದ್ದರಿಂದ ಇದರಲ್ಲಿ ಬೆರಳಿಗೆ ಒಗ್ಗದ ಜಾಗವೇ ಇಲ್ಲ, ಕಷ್ಟದ ಜಾಗ ಬೇಕಾದಷ್ಟಿವೆ. ಸ್ವರಲಿಪಿಯಲ್ಲಿ ಸ್ಪ್ಯಾನಿಷ್ ಭಾಷೆಯ ಒಂದು ಸಾಲಿದೆ: ಇಂಥವರ ಆತ್ಮ ಇಲ್ಲಿ ನೆಲೆಸಿದೆ ಎಂಬ ಅರ್ಥದ್ದು. ಹೆಸರಿರಬೇಕಾದ ಜಾಗದಲ್ಲಿ ಐದು ಚುಕ್ಕಿ. ಆ ಐದು ಚುಕ್ಕಿಯ ಮೇಲೆ ಪುಸ್ತಕಗಟ್ಟಲೆ ಬರೆದವರಿದ್ದಾರೆ. ನನಗೆ ಆ ಗುಟ್ಟಿನಲ್ಲಿ ಆಸಕ್ತಿಯಿಲ್ಲ, ಚುಕ್ಕಿ ಇಟ್ಟವರು ಚುಕ್ಕಿಯಾಗಿಯೇ ಇರಲಿ ಎಂದುಕೊಂಡಿದ್ದರು.

ಐವತ್ತು ನಿಮಿಷದ ಕೃತಿಯನ್ನು ತಟ್ಟೆಗೆ ಇಳಿಸುವುದು ಆ ಕಾಲದಲ್ಲಿ ಸುಲಭವಲ್ಲ. 1916ರಲ್ಲಿ ಮೇರಿ ಹಾಲ್ ಎಂಬ ಹೆಣ್ಣುಮಗಳು ಎಲ್ಗರ್ ಜೊತೆ ಇದನ್ನು ನುಡಿಸಿದರು. ಆಕೆಗೆ ಎಳವೆಯಲ್ಲಿ ಎಲ್ಗರ್ ಅವರೇ ಪಾಠ ಹೇಳಿದ್ದರು. ಆಗ ಮೈಕ್ ಇಲ್ಲ. ತಗಡಿನ ಕಹಳೆಯ ಬಾಯಿಗೆ ಎಲ್ಲರೂ ಒತ್ತೊತ್ತಾಗಿ ಕೂತು ನುಡಿಸಬೇಕು, ಆ ಸದ್ದಿನ ಬಲದಿಂದಲೇ ಮೇಣದ ಮೇಲೆ ಗೆರೆ ಮೂಡಬೇಕು. ಹಾಗಾಗಿ ಇಡೀ ಕೃತಿಯನ್ನು ಕತ್ತರಿಸಿ ನಾಲ್ಕು ಮಗ್ಗುಲಿಗೆ ಇಳಿಸಿದರು. ಮೆಲ್ಲನೆಯ ತಂತಿ ನಾದ ಕಹಳೆಗೆ ಹತ್ತದೆಂದು ಎಲ್ಗರ್ ಒಂದು ಕಡೆ ಹಾರ್ಪ್ ವಾದ್ಯವನ್ನೂ ಸೇರಿಸಿಕೊಟ್ಟರು. ಇದನ್ನು ಓದುವಾಗೆಲ್ಲ ನನಗೆ ನಮ್ಮ ಪಿಟೀಲು ಚೌಡಯ್ಯನವರ ನೆನಪಾಗುತ್ತದೆ. ಮೈಕ್ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ಕೇಳಬೇಕೆಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಮೂರು ಸೇರಿಸಿ ಏಳು ಮಾಡಿದರು. ಪಿಟೀಲಿನ ಸಣ್ಣ ದನಿಯನ್ನು ದೂರ ಮುಟ್ಟಿಸುವುದು ಹೇಗೆ ಎಂಬ ಪ್ರಶ್ನೆ ಲಂಡನ್ನಿಗೂ ಚೌಡಯ್ಯನವರ ತಿರುಮಕೂಡಲು ನರಸೀಪುರಕ್ಕೂ ಒಂದೇ ಆಗಿತ್ತು.

1925ರ ಹೊತ್ತಿಗೆ ಮೈಕ್ ಬಂತು. 1929ರಲ್ಲಿ ಆಲ್ಬರ್ಟ್ ಸ್ಯಾಮನ್ಸ್, ಹೆನ್ರಿ ವುಡ್ ನಡೆಸಿದ ವೃಂದದ ಜೊತೆ ಇಡೀ ಕೃತಿಯನ್ನು ನುಡಿಸಿ ಮುದ್ರಿಸಿದರು. ಅದು ಗಟ್ಟಿ ಕೈಯ ನುಡಿಸಾಣಿಕೆ, ಮೆನುಹಿನ್‌ಗಿಂತ ಚುರುಕು. ಅದನ್ನೇ ಮೇಲೆಂದು ಹೇಳುವವರು ಇಂಗ್ಲೆಂಡಿನಲ್ಲಿ ಈಗಲೂ ಇದ್ದಾರೆ. ಆದರೆ ಅದು ಪ್ರತಿಸ್ಪರ್ಧಿ ಕಂಪನಿ ಕೊಲಂಬಿಯಾದ್ದು. ನಾಯಿ ಮಾರ್ಕಿನ ಎಚ್‌ಎಂವಿಗೆ ಬೇಕಾಗಿದ್ದುದು ಎಲ್ಗರ್ ತಾವೇ ನಡೆಸಿದ ಕನ್ಚರ್ಟೊ. ಅದರ ಹೊಣೆ ಹೊತ್ತವರು ಫ್ರೆಡ್ ಗೈಸ್‌ಬರ್ಗ್.

ಈ ಗೈಸ್‌ಬರ್ಗ್ ನಮಗೆ ಅಪರಿಚಿತರಲ್ಲ. 1902ರಲ್ಲಿ ಧ್ವನಿಮುದ್ರಣದ ಸಾಮಾನು ಹೊತ್ತು ಕಲ್ಕತ್ತೆಗೆ ಬಂದು, ಗೌಹರ್ ಜಾನ್ ಅವರ ಹಾಡನ್ನು ತಟ್ಟೆಗೆ ಇಳಿಸಿದವರು ಇವರೇ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅಪ್ಪ ಈ ಕತೆಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಇನ್ನೊಂದನ್ನೂ ಹೇಳುತ್ತಿದ್ದರು: ಆ ಕಾಲದ ತಟ್ಟೆಗಳಿಗೆಲ್ಲ ಬೇಕಾದ ಅರಗು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ದೇಶದ ಕಾಡುಗಳಿಂದ. ಚನ್ನಪಟ್ಟಣದ ಗೊಂಬೆಗೆ ಬಣ್ಣ ಕಟ್ಟಲು ಬಳಸುವ ಅರಗೇ ಲಂಡನ್ನಿನ ಸಂಗೀತವನ್ನೂ ಹೊತ್ತಿತ್ತು.

ಕ್ರೈಸ್ಲರ್ ಈ ಕೃತಿಯನ್ನು ಮುದ್ರಿಸಲು ಗೈಸ್‌ಬರ್ಗ್ ಎಷ್ಟು ಬೆನ್ನು ಬಿದ್ದರೂ ಕೆಲಸ ಕೂಡಿಬರಲಿಲ್ಲ. ಎಲ್ಗರ್‌ಗೆ ಆಗಲೇ 75. ಇನ್ನು ತಡೆದರೆ ಕೈತಪ್ಪುತ್ತದೆಂದು, ಪ್ಯಾರಿಸಿನಲ್ಲಿದ್ದ ಹುಡುಗನಿಗೆ ಗೈಸ್‌ಬರ್ಗ್ ಸ್ವರಲಿಪಿ ಕಳಿಸಿದರು. 1929ರಲ್ಲಿ ಹದಿಮೂರನ್ನೂ ತುಂಬದೆ, ಬರ್ಲಿನ್ನಿನಲ್ಲಿ ಒಂದೇ ಸಂಜೆ ಬಾಖ್, ಬೇಟ್‌ಹೋವನ್, ಬ್ರಾಮ್ಸ್ ಮೂವರ ಕನ್ಚರ್ಟೊ ನುಡಿಸಿದ್ದ ಹುಡುಗ ಅವನು. ಎಲ್ಗರ್ ಅವನಿಗೆ ಹೊಸಬರು.

ಧ್ವನಿಮುದ್ರಣಕ್ಕೆ ಮುಂಚೆ ಲಂಡನ್ನಿನ ಒಂದು ಹೋಟೆಲಿನಲ್ಲಿ, ಐವರ್ ನ್ಯೂಟನ್ ಪಿಯಾನೋ ಮುಂದೆ ಕೂತು, ಹುಡುಗ ಎಲ್ಗರ್ ಎದುರು ನುಡಿಸಿದ. ಮುಂದೆ ಮೆನುಹಿನ್ ಹೇಳುತ್ತಿದ್ದ ಪ್ರಕಾರ, ಸ್ವಲ್ಪ ನುಡಿಸುತ್ತಿದ್ದಂತೆಯೇ ಎಲ್ಗರ್ ನಿಲ್ಲಿಸಿ, ತಾವು ತಿದ್ದುವಂಥದ್ದೇನೂ ಇಲ್ಲ, ಹೊರಗೆ ಒಳ್ಳೆ ಬಿಸಿಲಿದೆ ಎಂದು ಕುದುರೆ ಪಂದ್ಯಕ್ಕೆ ಹೊರಟುಬಿಟ್ಟರು. ನ್ಯೂಟನ್ ಬರೆದಿಟ್ಟದ್ದು ಬೇರೆ: ಎಲ್ಗರ್ ಕಣ್ಣು ಮುಚ್ಚಿ ಕೂತು ಪೂರ್ತಿ ಕೇಳಿದರು, ವಿವರಗಳ ಚರ್ಚೆಯೂ ನಡೆಯಿತು. ಯಾರ ನೆನಪು ನಿಜ? ನನಗೆ ನ್ಯೂಟನ್ ಮಾತು ಹೆಚ್ಚು ನಂಬಿಕೆಗೆ ಅರ್ಹ ಅನ್ನಿಸುತ್ತದೆ, ಪಕ್ಕವಾದ್ಯದವರು ಎಣಿಸಿಕೊಂಡಿರುತ್ತಾರೆ. ಆದರೂ ಹದಿನಾರರ ಹುಡುಗನ ಮನಸ್ಸಿನಲ್ಲಿ ಉಳಿದದ್ದು, ದೊಡ್ಡವರೊಬ್ಬರು ತನ್ನನ್ನು ನಂಬಿ ಎದ್ದುಹೋದರು ಎಂಬುದು. ಅದೂ ಸುಳ್ಳಲ್ಲ. ಶಿಷ್ಯರ ಮುಂದೆ ಬಾಯಿ ಮುಚ್ಚಿಕೊಂಡಿರಬೇಕಾದ ಗಳಿಗೆ ಯಾವುದೆಂದು ತಿಳಿಯಲು ನನಗೇ ಇಪ್ಪತ್ತು ವರ್ಷ ಹಿಡಿಯಿತು.

ಅಬ್ಬೆ ರೋಡ್ ಸ್ಟುಡಿಯೋವನ್ನು 1931ರ ನವೆಂಬರಿನಲ್ಲಿ ಉದ್ಘಾಟಿಸಿದವರೂ ಎಲ್ಗರ್ ಅವರೇ. ಎಂಟು ತಿಂಗಳ ಬಳಿಕ ಅದೇ ದೊಡ್ಡ ಕೋಣೆಯಲ್ಲಿ ಈ ಕೆಲಸ. ಇಂದಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ: ಟೇಪ್ ಇಲ್ಲ, ಕತ್ತರಿಸಿ ಅಂಟಿಸುವುದು ಇಲ್ಲ. ದಪ್ಪ ಮೇಣದ ಬಿಲ್ಲೆಯೊಂದು ತಿರುಗುತ್ತಿರುತ್ತದೆ, ಅದರ ಮೇಲೆ ಸೂಜಿ ಗೆರೆ ಕೊರೆಯುತ್ತದೆ. ಒಂದು ಮಗ್ಗುಲಿಗೆ ನಾಲ್ಕು, ನಾಲ್ಕೂವರೆ ನಿಮಿಷ. ನಾಲ್ಕನೆಯ ನಿಮಿಷದಲ್ಲಿ ಒಂದು ಸ್ವರ ಜಾರಿದರೂ ಮೊದಲಿಂದ ನುಡಿಸಬೇಕು. ಹೇಗೆ ಬಂದಿದೆ ಎಂದು ಅಲ್ಲೇ ಹಾಕಿ ಕೇಳಿದರೆ ಮೇಣದ ಗೆರೆ ಕೆಡುತ್ತದೆ, ಆ ಬಿಲ್ಲೆ ಅಚ್ಚಿಗೆ ಬರುವುದಿಲ್ಲ. ಜೊತೆಗೆ, ಮಗ್ಗುಲು ಮುಗಿದಲ್ಲಿ ಭಾವವನ್ನು ಕಟ್ಟಿಟ್ಟು, ಹೊಸ ಬಿಲ್ಲೆ ಬಂದ ಮೇಲೆ ಅದೇ ಕಾವಿನಲ್ಲಿ ಎತ್ತಿಕೊಳ್ಳಬೇಕು. ರಾಗಾಲಾಪನೆಯನ್ನು ನಾಲ್ಕು ನಿಮಿಷಕ್ಕೊಮ್ಮೆ ತಡೆದು, ಕಾಫಿ ಕುಡಿದು ಬಂದು ಮುಂದುವರಿಸಿ ಎಂದರೆ ನಮ್ಮಲ್ಲಿ ಯಾರು ಒಪ್ಪುತ್ತಾರೆ? ಐವತ್ತು ನಿಮಿಷ ಕೇಳುವವರಿಗೆ ಆ ಬೆಸುಗೆ ಎಲ್ಲೂ ಕಾಣುವುದಿಲ್ಲ. ಎಲ್ಗರ್ ವೃಂದವನ್ನು ಹುಡುಗನ ಉಸಿರಿಗೆ ಹೊಂದಿಸಿ ನಡೆಸಿದ್ದಾರೆ. ಅವನು ಒಂದು ಸ್ವರದ ಮೇಲೆ ನಿಂತರೆ ವೃಂದದ ಅಷ್ಟೂ ಜನ ದೊಡ್ಡವರು ಅವನಿಗಾಗಿ ಕಾಯುತ್ತಿರುವಂತೆ ಕೇಳಿಸುತ್ತದೆ.

ಮೂರನೆಯ ಭಾಗದ ಕೊನೆಗಿರುವ ಕ್ಯಾಡೆನ್ಜಾ ಈ ಕೃತಿಯ ಹೃದಯ. ಸಾಮಾನ್ಯವಾಗಿ ಕ್ಯಾಡೆನ್ಜಾದಲ್ಲಿ ವೃಂದ ಕೈಕಟ್ಟಿ ಕೂರುತ್ತದೆ, ಒಂಟಿ ವಾದಕ ತನ್ನ ಕೈಚಳಕ ತೋರುತ್ತಾನೆ. ಎಲ್ಗರ್ ಹಾಗೆ ಮಾಡಲಿಲ್ಲ. ಪಿಟೀಲು ಮೊದಲ ಭಾಗದ ಸ್ವರಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಳ್ಳುತ್ತಿರುವಾಗ, ವೃಂದದ ತಂತಿವಾದ್ಯದವರು ಕಮಾನು ಬಿಟ್ಟು ಬೆರಳಿನ ಮೆತ್ತನೆಯ ತುದಿಗಳನ್ನು ತಂತಿಗಳ ಮೇಲೆ ಸವರುತ್ತಾರೆ. ದೂರದ ಮಳೆಯಂಥ ಸದ್ದು. 1916ರಲ್ಲಿ ಹಾರ್ಪ್ ಬೇಕಾಗಿದ್ದುದು ಇಲ್ಲಿಗೇ. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಕೊನೆಯ ತಟ್ಟೆ ಚೂರಾಗಿದ್ದರಿಂದ ಕೃತಿ ಮುಗಿಯುತ್ತಲೇ ಇರಲಿಲ್ಲ. ಐದನೆಯ ತಟ್ಟೆ ಮುಗಿದ ಮೇಲೆ ಮುಳ್ಳು ಖಾಲಿ ಗೆರೆಯಲ್ಲಿ ಕರಕರ ತಿರುಗುತ್ತಿತ್ತು. "ಆಮೇಲೇನಪ್ಪಾ?" ಎಂದರೆ ಅಪ್ಪ, "ಗೊತ್ತಿಲ್ಲ ಮಗಳೇ, ನೀನೇ ಊಹೆ ಮಾಡ್ಕೋ" ಎನ್ನುತ್ತಿದ್ದರು. ವರ್ಷಗಟ್ಟಲೆ ಊಹೆ ಮಾಡಿಕೊಂಡೆ. ಸಿ.ಡಿ.ಯಲ್ಲಿ ಪೂರ್ತಿ ಕೇಳುವ ಹೊತ್ತಿಗೆ ಅಪ್ಪ ಇರಲಿಲ್ಲ.

1932ರ ನವೆಂಬರಿನಲ್ಲಿ ಎಲ್ಗರ್ ಮತ್ತು ಹುಡುಗ ಇದನ್ನು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದರು. ಮರುವರ್ಷ ಮೇ ತಿಂಗಳಲ್ಲಿ ಪ್ಯಾರಿಸಿನಲ್ಲಿ. ಮುದುಕರು ಅಲ್ಲಿಗೆ ವಿಮಾನದಲ್ಲಿ ಹೋದರು. 1934ರ ಫೆಬ್ರುವರಿ 23ರಂದು ಎಲ್ಗರ್ ತೀರಿಕೊಂಡರು.

ಹುಡುಗ ದೊಡ್ಡವನಾದ. ಎಳವೆಯಲ್ಲಿ ತಾನಾಗಿ ಹರಿಯುತ್ತಿದ್ದ ಕಮಾನು, ಯುದ್ಧದ ವರ್ಷಗಳಲ್ಲಿ ಸೈನಿಕರಿಗಾಗಿ ನೂರಾರು ಕಚೇರಿ ಕೊಟ್ಟ ಮೇಲೆ ಕೈಯ ಮಾತು ಕೇಳದಾಯಿತು. ಹೇಗೆ ನುಡಿಸುತ್ತಿದ್ದೆ ಎಂಬುದು ಅವನಿಗೇ ತಿಳಿದಿರಲಿಲ್ಲ. ಕಳೆದುಕೊಂಡ ಮೇಲೆ ಒಂದೊಂದೇ ಕೀಲನ್ನು ಬಿಚ್ಚಿ ನೋಡಿ ಕಲಿಯಬೇಕಾಯಿತು. ಇಲ್ಲಿಗೆ ನಮ್ಮ ನಾಡು ಬರುತ್ತದೆ. ಕೋಲಾರ ಸೀಮೆಯ ಬೆಳ್ಳೂರಿನ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ 1934ರಲ್ಲಿ ರೋಗಿಷ್ಠ ಹುಡುಗನಾಗಿ ಮೈಸೂರಿಗೆ ಬಂದು, ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರಲ್ಲಿ ಕಲಿತವರು. 1952ರಲ್ಲಿ ಮುಂಬಯಿಯಲ್ಲಿ ಮೆನುಹಿನ್ ಅವರನ್ನು ಕಂಡರು. ದಣಿದು ಹಣ್ಣಾಗಿದ್ದ ಮೆನುಹಿನ್, ಅಯ್ಯಂಗಾರ್ ಮಲಗಿಸಿದ ಹಾಗೇ ಮಲಗಿ ನಿದ್ದೆಹೋದರಂತೆ. ಎರಡು ವರ್ಷದ ಮೇಲೆ ಅಯ್ಯಂಗಾರರನ್ನು ಸ್ವಿಟ್ಜರ್‌ಲೆಂಡಿಗೆ ಕರೆಸಿಕೊಂಡು, ತಮ್ಮ ಅತ್ಯುತ್ತಮ ಪಿಟೀಲು ಗುರು ಇವರೆಂದು ಕೆತ್ತಿಸಿದ ಕೈಗಡಿಯಾರ ಕೊಟ್ಟರು. ಅಯ್ಯಂಗಾರ್ ಪಿಟೀಲು ಹಿಡಿದವರಲ್ಲ. ಆದರೆ ಭುಜ ಬಿಗಿದರೆ ನಾದ ಬಿಗಿಯುತ್ತದೆ ಎಂಬುದು ಪಿಟೀಲು ಹೇಳಿಕೊಡುವ ಎಲ್ಲರಿಗೂ ಗೊತ್ತು, ಆ ಬಿಗಿ ಬಿಡಿಸಲು ಗೊತ್ತಿರುವವರು ಕಡಿಮೆ.

1960ರ ದಶಕದಲ್ಲಿ ಮೆನುಹಿನ್ ಏಡ್ರಿಯನ್ ಬೋಲ್ಟ್ ನಡೆಸಿದ ವೃಂದದ ಜೊತೆ ಎಲ್ಗರ್ ಕನ್ಚರ್ಟೊವನ್ನು ಮತ್ತೆ ಮುದ್ರಿಸಿದರು. ಟೇಪ್ ಬಂದಿತ್ತು, ಸದ್ದು ಸ್ವಚ್ಛ, ತಿಳಿವಳಿಕೆ ಆಳ. ಎರಡನ್ನೂ ಬಹಳ ಸಲ ಕೇಳಿದ್ದೇನೆ. ಎರಡನೆಯದರಲ್ಲಿ ಮೆನುಹಿನ್ ಏನು ಹೇಳಬೇಕೆಂದು ಬಲ್ಲವರು. ಮೊದಲನೆಯದರಲ್ಲಿ ಅದು ಗೊತ್ತಿಲ್ಲದೆಯೇ ಹೇಳಿ ಮುಗಿದಿದೆ. ನನ್ನ ಮಟ್ಟಿಗೆ ಮೊದಲನೆಯದೇ ದೊಡ್ಡದು. ಮೇಣ ಹಿಡಿದಿಟ್ಟದ್ದನ್ನು ನುಡಿಸಿದವರೂ ಮತ್ತೆ ತರಲಾಗಲಿಲ್ಲ.

ಐದು ತಟ್ಟೆಗಳು ನಮ್ಮ ಮನೆಯಲ್ಲಿ ಇನ್ನೂ ಇವೆ. ನಿಮ್ಮ ಅಟ್ಟದ ಮೇಲೋ, ಅಜ್ಜನ ಪೆಟ್ಟಿಗೆಯಲ್ಲೋ ಹಳೇ ತಟ್ಟೆಗಳಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಒಂದೊಂದನ್ನೂ ತೆಗೆದು ಲೇಬಲ್ಲಿನ ಮೇಲಿನ ನಂಬರು ಓದಿ. ನಮ್ಮಲ್ಲಿ ಇಲ್ಲದ್ದು ಡಿ.ಬಿ. 1756.