ಚಾಕುವೋ ಇಕ್ಕಳವೋ? ಜೇಬಿನ ಸಲಕರಣೆಯೊಂದರ ಚರಿತ್ರೆ

ಉಪಜಿಲ್ಲಾ ಮಟ್ಟದ ವೃತ್ತಿ ಪರಿಚಯ ಮೇಳಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ವಯರಿಂಗ್ ಸ್ಪರ್ಧೆಗೆ ಕುಳಿತ ನಮ್ಮ ಹುಡುಗನ ಸ್ಕ್ರೂಡ್ರೈವರ್ ಬಸ್ಸಿನಲ್ಲೇ ಉಳಿದುಬಿಟ್ಟಿತ್ತು. ಗಂಟೆ ಬಾರಿಸಿ ಆಗಿತ್ತು, ಹುಡುಗನ ಮುಖ ಬಿಳಿಚಿತ್ತು. ಪಕ್ಕದ ಶಾಲೆಯ ಅಧ್ಯಾಪಕರೊಬ್ಬರು ಜೇಬಿನಿಂದ ಬೆರಳುದ್ದದ ಕೆಂಪು ಚಾಕೊಂದನ್ನು ತೆಗೆದು, ಅದರೊಳಗಿಂದ ಸ್ಕ್ರೂಡ್ರೈವರ್ ಬಿಡಿಸಿ ಕೊಟ್ಟರು. ಬಹುಮಾನವೇನೂ ಬರಲಿಲ್ಲ. ಆದರೆ ಹುಡುಗ ಸ್ಪರ್ಧೆ ಮುಗಿಸಿ ಎದ್ದ.

ನಮ್ಮ ಶಾಲೆಗೂ ಅಂಥದ್ದೊಂದು ಬೇಕು ಎಂದು ಮರುದಿನ ಸ್ಟಾಫ್ ರೂಮಿನಲ್ಲಿ ತೀರ್ಮಾನವಾಯಿತು. ಯಾವುದು ಎಂಬಲ್ಲಿ ಮಾತು ನಿಂತಿತು. ನಮ್ಮದು ಚರಿತ್ರೆ ಕಲಿಸುವ ಕೆಲಸವಾದ್ದರಿಂದ ಅಂಗಡಿಗೆ ಹೋಗುವ ಮೊದಲು ಪುಸ್ತಕಗಳ ಕಡೆಗೆ ಹೋದೆವು. ಅಲ್ಲಿ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮಡಚುವ ಚಾಕು ಹೊಸದೆಂದು ನಾವು ತಿಳಿದಿದ್ದೆವು, ಅದು ತಪ್ಪು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಮೂಳೆಯ ಹಿಡಿಯ ಮಡಚುವ ಚಾಕು ಸಿಕ್ಕಿದೆ. ಅದು ಕ್ರಿಸ್ತಪೂರ್ವ 6ನೇ ಶತಮಾನದ ಸುಮಾರಿನದು. ಅದಕ್ಕಿಂತಲೂ ಕುತೂಹಲದ ವಸ್ತು ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿದೆ. ಕ್ರಿಸ್ತಶಕ 3ನೇ ಶತಮಾನದ ರೋಮನ್ನರ ಈ ಸಲಕರಣೆಯಲ್ಲಿ ಬೆಳ್ಳಿಯ ಚಮಚ, ಫೋರ್ಕ್, ಚಾಕು, ಮೊನೆ, ಕಡ್ಡಿ ಎಲ್ಲವೂ ಒಂದೇ ಹಿಡಿಗೆ ಮಡಚಿಕೊಳ್ಳುತ್ತವೆ. ಚಾಕುವಿನ ಕಬ್ಬಿಣ ಮಾತ್ರ ತುಕ್ಕು ತಿಂದು ಹೋಗಿದೆ. ಬೆಳ್ಳಿಯ ವಸ್ತುವಾದ್ದರಿಂದ ಬಡವನ ಕೈಯದಂತೂ ಆಗಿರಲಾರದು.

ದೂರ ಯಾಕೆ, ನಮ್ಮ ಪಕ್ಕದ ಕೊಡಗಿನ ಪೀಚೆಕತ್ತಿಯನ್ನೇ ನೋಡಿ. ಕುಪ್ಯದ ಮೇಲೆ ಕಟ್ಟಿದ ಚೇಲೆಗೆ ಸಿಕ್ಕಿಸುವ ಈ ಕಿರುಗತ್ತಿ ಈಗ ಹೆಚ್ಚಾಗಿ ಮದುವೆ, ಹಬ್ಬಗಳ ಆಭರಣ. ಆದರೆ ಮ್ಯೂಸಿಯಂಗಳಲ್ಲಿರುವ ಹಳೆಯ ಪೀಚೆಕತ್ತಿಗಳಲ್ಲಿ ಕೆಲವಕ್ಕೆ ಒರೆಯ ಬೆಳ್ಳಿ ಸರಪಳಿಯಲ್ಲಿ ಚಿಮಟ, ಗುಗ್ಗೆಕಡ್ಡಿ, ಉಗುರು ಶುಚಿ ಮಾಡುವ ಮೊನೆ ಇತ್ಯಾದಿ ತೂಗುತ್ತವೆ. ಮುಳ್ಳು ಹೊಕ್ಕ ಕಾಲು ಎಲ್ಲ ಊರಿನಲ್ಲೂ ಒಂದೇ ಅಲ್ಲವೇ? ಎಲೆಅಡಿಕೆಯ ಸಂಚಿಯಲ್ಲಿ ಅಡಕತ್ತರಿಯ ಜೊತೆಗೆ ಚಿಮಟ ಇಟ್ಟುಕೊಳ್ಳುತ್ತಿದ್ದ ಅಜ್ಜಂದಿರನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ.

ಇಂಗ್ಲೆಂಡಿನ ಶೆಫೀಲ್ಡ್ ಚಾಕುಗಳ ಊರು. ಗರಿಯ ಲೇಖನಿಯನ್ನು ಹೆರೆದು ಮೊನೆ ಮಾಡಲು ಬಳಸುತ್ತಿದ್ದ ಪುಟ್ಟ ಚಾಕುವಿಗೆ 'ಪೆನ್‌ನೈಫ್' ಎಂಬ ಹೆಸರು ಬಂತು. ಗರಿ ಹೋದರೂ ಹೆಸರು ಉಳಿಯಿತು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪೆನಿ 75 ಅಲಗುಗಳ 'ನಾರ್ಫೋಕ್ ಚಾಕು' ಮಾಡಿ ಇಟ್ಟಿತು. ಅದು ಜೇಬಿಗೆ ಹೋಗುವ ಮಾತೇ ಇಲ್ಲ, ಎತ್ತಲಿಕ್ಕೇ ಎರಡು ಕೈ ಬೇಕು. ಮುಂದೆ ಸ್ವಿಜರ್ಲೆಂಡಿನ ವೆಂಗರ್ ಕಂಪೆನಿಯೂ 87 ಸಲಕರಣೆಗಳ ಚಾಕು ಮಾಡಿ ಗಿನ್ನೆಸ್ ದಾಖಲೆ ಸೇರಿತು. ಇವೆಲ್ಲ ನೋಡಲಿಕ್ಕೆ ಚಂದ, ಅಷ್ಟೆ.

ನಿಜವಾದ ಕಥೆ ಶುರುವಾಗುವುದು ಸ್ವಿಜರ್ಲೆಂಡಿನ ಇಬಾಖ್ ಎಂಬ ಹಳ್ಳಿಯಲ್ಲಿ. 1884ರಲ್ಲಿ ಕಾರ್ಲ್ ಎಲ್ಸೆನರ್ ಅಲ್ಲಿ ಚಾಕು ಮಾಡುವ ಕಮ್ಮಟ ತೆರೆದ. ಸ್ವಿಸ್ ಸೈನ್ಯ 1889ರಲ್ಲಿ ಹೊಸ ರೈಫಲ್ ತೆಗೆದುಕೊಂಡಿತ್ತು. ಅದನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕು, ಡಬ್ಬಿಯ ಆಹಾರ ತೆರೆಯಲು ಓಪನರ್ ಬೇಕು. ಎರಡೂ ಇರುವ ಚಾಕುವನ್ನು ಪ್ರತಿ ಸೈನಿಕನಿಗೆ ಕೊಡಬೇಕೆಂದಾಯಿತು. ಆದರೆ ಅಷ್ಟು ಸಂಖ್ಯೆಯಲ್ಲಿ ಮಾಡಿಕೊಡುವ ಕಾರ್ಖಾನೆ ದೇಶದಲ್ಲೇ ಇರಲಿಲ್ಲ. ಮೊದಲ ಚಾಕುಗಳು ಜರ್ಮನಿಯ ಸೋಲಿಂಗೆನ್‌ನಿಂದ ಬಂದವು. ನಮ್ಮ ಸೈನಿಕನ ಜೇಬಿನ ಚಾಕು ಪರದೇಶದ್ದೇ? ಎಲ್ಸೆನರ್‌ಗೆ ಅದು ಸರಿಕಾಣಲಿಲ್ಲ. 1891ರಲ್ಲಿ ಅವನೇ ಸೈನ್ಯಕ್ಕೆ ಚಾಕು ಕೊಡತೊಡಗಿದ. ಸೋಲಿಂಗೆನ್ ಕಾರ್ಖಾನೆಗಳ ಅಗ್ಗದ ದರಕ್ಕೆ ಎದುರು ನಿಲ್ಲಲಾಗದೆ ದಿವಾಳಿಯ ಅಂಚಿಗೆ ಬಂದು, ಬಂಧುಗಳ ನೆರವಿನಿಂದ ಉಳಿದುಕೊಂಡ.

ಸೈನಿಕರ ಚಾಕು ಗಟ್ಟಿ, ಆದರೆ ಭಾರ. 1897ರ ಜೂನ್ 12ರಂದು ಎಲ್ಸೆನರ್ ಇನ್ನೊಂದು ಚಾಕುವನ್ನು ನೋಂದಾಯಿಸಿದ. ಇದೇ 'ಅಧಿಕಾರಿಯ ಚಾಕು'. ಇದರ ಯುಕ್ತಿ ಇಷ್ಟೇ: ಹಿಡಿಯ ಬೆನ್ನಿನಲ್ಲಿರುವ ಒಂದೇ ಸ್ಪ್ರಿಂಗ್ ಎರಡೂ ಬದಿಯ ಸಲಕರಣೆಗಳನ್ನು ಒತ್ತಿ ಹಿಡಿಯುತ್ತದೆ. ಹೀಗಾಗಿ ಎರಡು ಸ್ಪ್ರಿಂಗಿಗೆ ಆರು ಸಲಕರಣೆ ಕೂತವು: ದೊಡ್ಡ ಅಲಗು, ಸಣ್ಣ ಅಲಗು, ಡಬ್ಬಿ ಓಪನರ್, ಸ್ಕ್ರೂಡ್ರೈವರ್, ತೂತು ಕೊರೆಯುವ ಉಳಿ, ಬಿರಡೆ ತೆಗೆಯುವ ತಿರುಪು. ತಮಾಷೆಯೆಂದರೆ ಸೈನ್ಯ ಇದನ್ನು ಅಧಿಕೃತವಾಗಿ ಯಾರಿಗೂ ಕೊಡಲೇ ಇಲ್ಲ. ಅಧಿಕಾರಿಗಳು ಸ್ವಂತ ದುಡ್ಡು ಕೊಟ್ಟು ಕೊಂಡುಕೊಂಡರು.

1909ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಎಲ್ಸೆನರ್ ಆಕೆಯ ಹೆಸರನ್ನೇ ಚಾಕುಗಳಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕು ಬಳಕೆಗೆ ಬಂದಿತು. ಫ್ರೆಂಚಿನಲ್ಲಿ ಅದು 'ಇನಾಕ್ಸ್'. ಎರಡೂ ಸೇರಿ 'ವಿಕ್ಟೋರಿನಾಕ್ಸ್' ಆಯಿತು. ಸೈನ್ಯದ ಚಾಕುಗಳನ್ನು ಬಹುಕಾಲ ವಿಕ್ಟೋರಿನಾಕ್ಸ್ ಮತ್ತು ವೆಂಗರ್ ಎರಡೂ ಹಂಚಿಕೊಂಡು ಮಾಡುತ್ತಿದ್ದವು. ಎರಡನೆಯ ಮಹಾಯುದ್ಧದ ಬಳಿಕ ಜರ್ಮನ್ ಹೆಸರು ಹೇಳಲು ನಾಲಿಗೆ ಹೊರಳದ ಅಮೆರಿಕದ ಸೈನಿಕರು ಅದನ್ನು 'ಸ್ವಿಸ್ ಆರ್ಮಿ ನೈಫ್' ಎಂದು ಕರೆದರು, ಜಗತ್ತು ಅದನ್ನೇ ಹಿಡಿದುಕೊಂಡಿತು. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ವಿಮಾನದ ಕೈಚೀಲದಲ್ಲಿ ಚಾಕು ನಿಷಿದ್ಧವಾದಾಗ ಮಾರಾಟ ಥಟ್ಟನೆ ಕುಸಿಯಿತು. ಆದರೂ ವಿಕ್ಟೋರಿನಾಕ್ಸ್ 2005ರಲ್ಲಿ ವೆಂಗರನ್ನು ಕೊಂಡುಕೊಂಡಿತು.

ಇನ್ನೊಂದು ಕಥೆ ಅಮೆರಿಕದ್ದು. ನಮಗೆ ಹೆಚ್ಚು ಹಿಡಿಸಿದ್ದು ಇದೇ. 1975ರಲ್ಲಿ ಆರಿಗನ್‌ನ ಟಿಮ್ ಲೆದರ್‌ಮನ್ ಎಂಬ ಮೆಕ್ಯಾನಿಕಲ್ ಇಂಜಿನಿಯರ್ ಹೆಂಡತಿ ಚಾವ್ ಜೊತೆ ಹಳೆಯ ಫಿಯಟ್ ಕಾರಿನಲ್ಲಿ ಯುರೋಪು ಸುತ್ತಿದ. ಕಾರು ಕೆಡುತ್ತಿತ್ತು, ಅಗ್ಗದ ಹೋಟೆಲುಗಳ ನಲ್ಲಿ ಸೋರುತ್ತಿತ್ತು. ಜೇಬಿನಲ್ಲಿದ್ದ ಸ್ಕೌಟ್ ಚಾಕು ಎಲ್ಲಕ್ಕೂ ಆಗುತ್ತಿತ್ತು, ಆದರೆ ಹಿಡಿದು ತಿರುಗಿಸಲು ಇಕ್ಕಳವಿಲ್ಲ. ಚಾಕುವಿಗೆ ಇಕ್ಕಳ ಸೇರಿಸಿದರೆ? ಒಂದು ತಿಂಗಳಲ್ಲಿ ಮಾಡಿ ಮುಗಿಸುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟ. ಮಾದರಿ ಸಿದ್ಧವಾಗಲು ವರ್ಷಗಳೇ ಹಿಡಿದವು. ಅಷ್ಟು ಕಾಲ ಮನೆ ನಡೆದದ್ದು ಚಾವ್‌ಳ ಸಂಬಳದಲ್ಲಿ. ಪೇಟೆಂಟ್ 1980ರಲ್ಲಿ ಬಂತು.

ಅನಂತರ ಶುರುವಾಯಿತು ಅಲೆದಾಟ. ಚಾಕು ಕಂಪೆನಿಗಳಿಗೆ ತೋರಿಸಿದರೆ ಇದು ಚಾಕುವಲ್ಲ, ಹತ್ಯಾರು ಎಂದವು. ಹತ್ಯಾರು ಮಾಡುವ ಕಂಪೆನಿಗಳು ಇದು ಹತ್ಯಾರಲ್ಲ, ಚಾಕು ಎಂದವು. ಕಾಸರಗೋಡಿನ ನಮಗೆ ಈ ಉತ್ತರ ಹೊಸದೇನಲ್ಲ. ಅಲ್ಲಿ ಕೇಳಿದರೆ 'ನೀವು ಕೇರಳದವರು', ಇಲ್ಲಿ ಕೇಳಿದರೆ 'ನೀವು ಕನ್ನಡದವರು'. ಒಂದೇ ಅರ್ಜಿ ಎರಡೂ ಕಡೆಯಿಂದ ವಾಪಸು ಬಂದ ಅನುಭವ ನಮ್ಮ ಎಷ್ಟೋ ಹಳೆ ವಿದ್ಯಾರ್ಥಿಗಳಿಗಿದೆ. ಅದಿರಲಿ. ಲೆದರ್‌ಮನ್ ಕಾಲೇಜು ಗೆಳೆಯ ಸ್ಟೀವ್ ಬರ್ಲಿನರ್ ಜೊತೆ ಸೇರಿ ತಾನೇ ಮಾಡಲು ನಿಂತ. 1983ರಲ್ಲಿ ಅಂಚೆಯ ಮೂಲಕ ಸಾಮಾನು ಮಾರುವ ಕಂಪೆನಿಯೊಂದರಿಂದ 500ಕ್ಕೆ ಮೊದಲ ಬೇಡಿಕೆ ಬಂತು. ವರ್ಷಕ್ಕೆ 4,000 ಹೋದರೆ ಸಾಕು ಎಂದುಕೊಂಡಿದ್ದ ಗೆಳೆಯರು ಮೊದಲ ವರ್ಷವೇ ಸುಮಾರು 30,000 ಮಾರಿದರು.

ಈಗ ನಮ್ಮ ಆಯ್ಕೆಗೆ ಬರೋಣ. ಪೆನ್ಸಿಲು, ದಾರ, ಹಣ್ಣು, ಒಂದೆರಡು ಸ್ಕ್ರೂ, ಇಷ್ಟೇ ಕೆಲಸವಾದರೆ ಸ್ವಿಸ್ ಮಾದರಿಯ ಸಣ್ಣ ಚಾಕು ಸಾಕು, ಜೇಬು ಹರಿಯುವುದಿಲ್ಲ. ವಯರು ಕತ್ತರಿಸಬೇಕು, ನಟ್ಟು ಹಿಡಿಯಬೇಕು ಎಂದಾದರೆ ಇಕ್ಕಳವಿರುವುದೇ ಬೇಕು. ಅಲಗು ಬಿಡಿಸಿದಾಗ ಬೀಗ ಬೀಳುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಸ್ವಿಸ್ ಸಣ್ಣ ಚಾಕುಗಳಲ್ಲಿ ಸಾಮಾನ್ಯವಾಗಿ ಬೀಗವಿರುವುದಿಲ್ಲ, ಒತ್ತಿ ಚುಚ್ಚಿದರೆ ಅಲಗು ಬೆರಳ ಮೇಲೆಯೇ ಮಡಚಿಕೊಳ್ಳುತ್ತದೆ. ನಮ್ಮ ಮಳೆಗೆ, ಕಡಲ ಗಾಳಿಗೆ ತುಕ್ಕು ಹಿಡಿಯದ ಉಕ್ಕೇ ಒಳ್ಳೆಯದು, ಅದಕ್ಕೂ ಕೀಲಿಗೆ ಆಗಾಗ ಒಂದು ಹನಿ ಎಣ್ಣೆ ಬೇಕು. ಹೆಚ್ಚು ಸಲಕರಣೆಗೆ ಆಸೆಪಡಬೇಡಿ, ಬಳಸದ್ದು ಬರಿಯ ಭಾರ.

ನಾವು ಕೊನೆಗೆ ಇಕ್ಕಳದ್ದನ್ನೇ ಕೊಂಡೆವು. ಅಲಗು ಇರುವುದರಿಂದ ಮಕ್ಕಳ ಕೈಗೆ ಕೊಡುವ ಹಾಗಿಲ್ಲ, ಮೇಳದ ದಿನ ಜೊತೆಗೆ ಹೋಗುವ ಅಧ್ಯಾಪಕರ ಜೇಬಿನಲ್ಲಿ ಇರುವುದು ಎಂದು ಕರಾರಾಯಿತು. ಇನ್ನು ದಾಸ್ತಾನು ಪುಸ್ತಕಕ್ಕೆ ಬರೆಯಬೇಕಲ್ಲ. ಮಧ್ಯಾಹ್ನದೂಟದ ಪುಸ್ತಕದಲ್ಲಿ ಚಾಕುಗಳಿಗೆ ಒಂದು ಪುಟವಿದೆ, ಪ್ರಯೋಗಾಲಯದ ಪುಸ್ತಕದಲ್ಲಿ ಹತ್ಯಾರುಗಳಿಗೆ ಇನ್ನೊಂದು. ಎರಡು ಪುಸ್ತಕಗಳನ್ನೂ ತೆರೆದಿಟ್ಟು ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ಪ್ರಯೋಗಾಲಯದ ಪುಸ್ತಕದಲ್ಲಿ 'ಮಡಚುವ ಇಕ್ಕಳ, ಅಲಗು ಸಹಿತ – 1' ಎಂದು ಬರೆದು ಸಹಿ ಹಾಕಿದೆವು.