ಸಮಿತಿಯ ಬಾಗಿಲ ಹೊರಗೆ ನಿಂತವರು

ಹಂಗಾರಕಟ್ಟೆಯ ಕಡವಿನಲ್ಲಿ ನಿಂತರೆ ಎದುರಿಗೆ ಕೋಡಿ ಬೆಂಗ್ರೆ. ಸೀತಾ, ಸ್ವರ್ಣಾ ಎರಡೂ ಹೊಳೆ ಕಡಲು ಸೇರುವ ಜಾಗ. ಹಿಂದೆ ಇದೇ ಬಂದರಿನಿಂದ ಮಂಜಿ ತುಂಬಾ ಅಕ್ಕಿ ಹೋಗುತ್ತಿತ್ತು. ಆ ಅಕ್ಕಿ ಬೆಳೆದವರು ಯಾರು? ನನ್ನ ಅಜ್ಜಿಯಂಥವರು. ಯಾವ ಪಹಣಿಯಲ್ಲೂ ಅವರ ಹೆಸರಿಲ್ಲ.

ಗೆಳೆಯರೇ, ಕಾನೂನು ಸಭೆಯಲ್ಲಿ ಕೈ ಎತ್ತಿದ ಕೂಡಲೆ ಹುಟ್ಟುವುದಿಲ್ಲ. ಅದಕ್ಕೂ ಮೊದಲು ಒಂದು ಕೋಣೆಯಿದೆ, ಅದರ ಹೆಸರು ಸಮಿತಿ. ಅಲ್ಲಿ ಮಸೂದೆಯನ್ನು ಖಂಡ ಖಂಡವಾಗಿ ಬಿಡಿಸುತ್ತಾರೆ. ಅಧಿಕಾರಿಗಳನ್ನು ಕರೆದು ಕೇಳುತ್ತಾರೆ, ಹೊರಗಿನವರ ಮನವಿ ಪಡೆಯುತ್ತಾರೆ, ಶಬ್ದ ತಿದ್ದುತ್ತಾರೆ. ಒಪ್ಪದ ಸದಸ್ಯ ಭಿನ್ನಮತ ಬರೆದಿಡಬಹುದು. ಕೊನೆಗೆ ವರದಿ ಸದನಕ್ಕೆ ಬರುತ್ತದೆ. ಭಾಷಣ ಪತ್ರಿಕೆಯಲ್ಲಿ ಬರುತ್ತೆ, ಈ ಕೋಣೆಯ ಕೆಲಸ ಬರೋದಿಲ್ಲ. ಆದರೆ ನಮ್ಮ ಹಣೆಬರಹವೆಂದು ಯಾವುದನ್ನು ಕರೆದರೋ, ಅದರಲ್ಲಿ ಎಷ್ಟೋ ಬರೆದದ್ದು ಅಲ್ಲೇ.

ನಮ್ಮ ಭೂಮಿಯ ಕಾನೂನನ್ನೇ ನೋಡಿ. 1956ರಲ್ಲಿ ರಾಜ್ಯ ಒಂದಾದಾಗ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಗೇಣಿ ಕಾನೂನು. ಸರಿಪಡಿಸಲು 1957ರಲ್ಲಿ ಬಿ. ಡಿ. ಜತ್ತಿಯವರ ಸಮಿತಿ ಬಂತು. 1958ರಲ್ಲಿ ಮಸೂದೆ ಬಂತು, ಎರಡೂ ಸದನಗಳ ಜಂಟಿ ಆಯ್ಕೆ ಸಮಿತಿಗೆ ಹೋಯಿತು. 1961ರಲ್ಲಿ ಪಾಸಾಯಿತು, 1962ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ!

ಎಂಟು ವರ್ಷ. ಕಾನೂನು ಬರುತ್ತದೆಂದು ಮೊದಲು ಗೊತ್ತಾಗುವುದು ಯಾರಿಗೆ? ಓದು ಬಲ್ಲ ಧಣಿಗೆ. ಚಾಲಗೇಣಿ ಒಕ್ಕಲನ್ನು ಎಬ್ಬಿಸಲು, ‘ಸ್ವಂತ ಇಚ್ಛೆಯಿಂದ ಬಿಟ್ಟೆ’ ಎಂದು ಹೆಬ್ಬೆಟ್ಟು ಒತ್ತಿಸಲು ಅಷ್ಟು ಕಾಲ ಧಾರಾಳ. ಕಾನೂನಿನೊಳಗೂ ಸ್ವಂತ ಸಾಗುವಳಿಗೆಂದು ಭೂಮಿ ಮರಳಿ ಪಡೆಯುವ ದಾರಿ ಧಣಿಗೆ ಉಳಿಯಿತು. ಪರಿಶೀಲನೆ ಎಂಬ ಮಾತು ಚೆಂದವೇ. ಯಾರ ಕಣ್ಣಿಂದ ಪರಿಶೀಲನೆ ಎಂದು ಕೇಳದಿದ್ದರೆ ಅದೂ ಒಂದು ಬೇಲಿ.

ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿಯ ಭೂಮಿ ಸರ್ಕಾರದ ವಶವಾಯಿತು. ಒಕ್ಕಲು ಫಾರಂ 7 ತುಂಬಿ ಹಕ್ಕು ಕೇಳಬೇಕಿತ್ತು. ತೀರ್ಮಾನಕ್ಕೆ ಭೂ ನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ. ಕರಾವಳಿಯ ಒಕ್ಕಲುಗಳು ಸಾಲುಗಟ್ಟಿ ಅರ್ಜಿ ಹಾಕಿದರು, ಗೆದ್ದರು. ಇದು ಸಣ್ಣ ಮಾತಲ್ಲ. ನಮ್ಮವರಲ್ಲೂ ಗೇಣಿ ಮಾಡುತ್ತಿದ್ದವರಿಗೆ ಭೂಮಿ ಸಿಕ್ಕಿತು.

ಆದರೆ ನಮ್ಮಲ್ಲಿ ಗೇಣಿ ಮಾಡುತ್ತಿದ್ದವರು ಎಷ್ಟು ಮಂದಿ? ನೀನೆಂತಕ್ಕೆ ಫಾರಂ ಹಾಕಲಿಲ್ಲ ಎಂದು ಅಜ್ಜಿಯನ್ನು ಕೇಳಿದೆ. ‘ನಾವ್ ಒಕ್ಲಲ್ಲ ಮಗಾ, ಮೂಲದ್ ಆಳ್. ಆಳಿಗೆಂತ ಫಾರಂ?’ ಅಂದಳು. ಒಕ್ಕಲು ಮತ್ತು ಆಳು, ಈ ಎರಡು ಶಬ್ದಗಳ ನಡುವೆ ಬಿದ್ದುಹೋಯಿತು ಒಂದಿಡೀ ಜನ. ಗದ್ದೆ ಉತ್ತವರಿಗೆ ಕಾನೂನು ಕೊಟ್ಟದ್ದು ಗುಡಿಸಲಡಿಯ ಜಾಗದ ಹಕ್ಕು, ಹೆಚ್ಚುವರಿ ಭೂಮಿಯಲ್ಲಿ ಪಾಲಿನ ಭರವಸೆ. ವ್ಯಾಖ್ಯೆ ಎಂಬ ಖಂಡದಲ್ಲಿ ಒಂದು ಶಬ್ದ ಹಿಗ್ಗಿಸಿದ್ದರೆ ನಾನು ಇವತ್ತು ಬೇರೆ ಮನೆಯಿಂದ ಬರೆಯುತ್ತಿದ್ದೆ.

ಹಾಗಾದರೆ ಸಮಿತಿ ಬೇಡವೆ? ಬೇಕು. 2020ರಲ್ಲಿ ಕೃಷಿಕರಲ್ಲದವರೂ ಭೂಮಿ ಕೊಳ್ಳಲು ಅಡ್ಡಿಯಾಗಿದ್ದ 79ಎ, 79ಬಿ ಕಲಮುಗಳನ್ನು ರಾಜ್ಯ ಸರ್ಕಾರ ಕಿತ್ತುಹಾಕಿತು. ಅದು ಮೊದಲು ಬಂದದ್ದೇ ಸುಗ್ರೀವಾಜ್ಞೆಯಾಗಿ. ಯಾವ ಸಮಿತಿ ಕಣ್ಣು ಬಿಡುವ ಮೊದಲೇ ಜಾರಿ. ಅದೇ ವರ್ಷ ಕೇಂದ್ರದ ಮೂರು ಕೃಷಿ ಮಸೂದೆಗಳು ಸಮಿತಿಗೆ ಹೋಗದೆ ಪಾಸಾದವು. ಕೋಣೆಯಲ್ಲಿ ಕೇಳದ ಪ್ರಶ್ನೆಯನ್ನು ರೈತರು ದೆಹಲಿಯ ಗಡಿಯಲ್ಲಿ ವರ್ಷವಿಡೀ ಕೂತು ಕೇಳಿದರು. 2021ರಲ್ಲಿ ಕಾನೂನು ವಾಪಸಾಯಿತು.

ಇನ್ನೊಂದು ದಾರಿಯೂ ಇದೆ. ದೌರ್ಜನ್ಯ ತಡೆ ಕಾಯಿದೆಯ ತಿದ್ದುಪಡಿ ಮಸೂದೆ 2014ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಗೆ ಹೋಯಿತು, ಅದೇ ಡಿಸೆಂಬರಿಗೆ ವರದಿ ಬಂತು, 2015ರಲ್ಲಿ ಪಾಸಾಯಿತು. ತಲೆ ಬೋಳಿಸುವುದು, ಮೀಸೆ ತೆಗೆಸುವುದು, ಚಪ್ಪಲಿ ಹಾರ ಹಾಕುವುದು, ಸತ್ತ ದನ ಹೊರಿಸುವುದು: ನಮ್ಮ ಮೈ ಬಲ್ಲ ಅವಮಾನಗಳು ಹೆಸರು ಹಿಡಿದು ಅಪರಾಧವಾದವು.

ಆದ್ದರಿಂದ ಮೇಷ್ಟ್ರೇ, ವಿದ್ಯಾರ್ಥಿಗಳೇ, ಘೋಷಣೆ ಕೂಗುವ ಗಂಟಲಿನ ಜೊತೆ ಮಸೂದೆ ಓದುವ ಕಣ್ಣೂ ಬೇಕು. ಸಮಿತಿ ಮನವಿ ಕರೆದಾಗ ಊರಿನ ಆಳುಗಳನ್ನು ಕೂರಿಸಿ ಕೇಳಿ, ಅವರ ಮಾತಲ್ಲೇ ಬರೆದು ಕಳಿಸಿ. ವರದಿ ಬಂದಾಗ ಭಿನ್ನಮತದ ಪುಟ ಮೊದಲು ತೆರೆಯಿರಿ. ಅಲ್ಲೂ ನಾವಿಲ್ಲದಿದ್ದರೆ ಬೀದಿಗೆ ಬನ್ನಿ.

ನನ್ನ ಅಜ್ಜಿಯನ್ನು ಯಾವ ಸಮಿತಿಯೂ ಸಾಕ್ಷಿಗೆ ಕರೆಯಲಿಲ್ಲ. ಅವಳ ಸಾಕ್ಷಿ ಇಲ್ಲಿದೆ, ಬರೆದುಕೊಳ್ಳಿ: ಈ ಗದ್ದೆ ಉತ್ತದ್ದು ನಾವು.